ಇಬೆಲಿನ್‌ನ ಗೆಳೆಯರು, ಸರಾಂಗ್‌ಳ ತೊಟ್ಟಿಲು

ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕರೆದಾಗಲೆಲ್ಲ ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗನಿಂದ ಬರುವ ಉತ್ತರ ಒಂದೇ. "ಅಮ್ಮೀ, ಈಗ ಏಳೋಕಾಗಲ್ಲ. ಇನ್ನೂ ಮೂರು ಜನ ಇದ್ದಾರೆ. ನಾನು ಬಿಟ್ಟು ಬಂದರೆ ಅವರೂ ಸೋಲ್ತಾರೆ." ತಟ್ಟೆಯಲ್ಲಿ ಅನ್ನ ಆರುತ್ತದೆ, ನನ್ನ ಸಿಟ್ಟು ಏರುತ್ತದೆ. ಆ ಮೂರು ಜನ ಯಾರು ಎಂದು ನಾನು ಬಹಳ ದಿನ ಕೇಳಿರಲಿಲ್ಲ. ಕೇಳಬೇಕೆಂದು ಅನಿಸಿಯೂ ಇರಲಿಲ್ಲ. ಮೊಬೈಲಿನ ಒಳಗಿನ ಜನ ಎಂದರೆ ಇಲ್ಲದ ಜನ ಎಂದೇ ನಾನು ತಿಳಿದಿದ್ದೆ.

ಆನ್‌ಲೈನ್ ಆಟಗಳು ವರವೋ ಶಾಪವೋ ಎಂಬುದು ಈಗ ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗೆ ಖಾಯಂ ವಿಷಯವಾಗಿದೆ. ಒಬ್ಬ ಎದ್ದು ನಿಂತು ಚಟ ಎನ್ನುತ್ತಾನೆ, ಇನ್ನೊಬ್ಬಳು ಗೆಳೆತನ, ಬುದ್ಧಿಶಕ್ತಿ, ತಂಡಭಾವನೆ ಎನ್ನುತ್ತಾಳೆ. ತೀರ್ಪುಗಾರರು ಎರಡೂ ಸರಿ ಎಂದು ಹೇಳಿ ಚಹಾ ಕುಡಿಯಲು ಏಳುತ್ತಾರೆ. ಎರಡೂ ಸರಿ ಎನ್ನುವುದು ಸುಲಭ. ಆದರೆ ಒಂದೇ ವಸ್ತು ಒಂದು ಮನೆಯಲ್ಲಿ ಅನ್ನವೂ ಇನ್ನೊಂದು ಮನೆಯಲ್ಲಿ ವಿಷವೂ ಆಗುವುದು ಹೇಗೆ ಎಂದು ಯಾರೂ ವಿವರಿಸುವುದಿಲ್ಲ. ಎರಡು ಸಾಕ್ಷ್ಯಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ನನಗೆ ಈ ಪ್ರಶ್ನೆಗೆ ಒಂದಿಷ್ಟು ಬೆಳಕು ಸಿಕ್ಕಿತು. ಒಂದು ನಾರ್ವೆಯದು, ಇನ್ನೊಂದು ದಕ್ಷಿಣ ಕೊರಿಯಾದ ಘಟನೆಯೊಂದನ್ನು ಕುರಿತದ್ದು.

ಬೆಂಜಮಿನ್ ರೀ ನಿರ್ದೇಶಿಸಿದ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' 2024ರ ಜನವರಿಯಲ್ಲಿ ಅಮೆರಿಕದ ಸಂಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ವಿದೇಶಿ ಸಾಕ್ಷ್ಯಚಿತ್ರಗಳ ವಿಭಾಗದಲ್ಲಿ ನಿರ್ದೇಶನದ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಕಥಾನಾಯಕ ಮಾಟ್ಸ್ ಸ್ಟೇನ್ ಎಂಬ ಯುವಕ. ಹುಟ್ಟಿದ್ದು 1989ರಲ್ಲಿ, ತೀರಿಕೊಂಡದ್ದು 2014ರ ನವೆಂಬರ್‌ನಲ್ಲಿ, 25ನೆಯ ವಯಸ್ಸಿನಲ್ಲಿ. ಅವನಿಗೆ ಡ್ಯುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆ. ಹೆಚ್ಚಾಗಿ ಗಂಡುಮಕ್ಕಳನ್ನೇ ಹಿಡಿಯುವ ಈ ವಂಶವಾಹಿ ರೋಗದಲ್ಲಿ ಸ್ನಾಯುಗಳು ಒಂದೊಂದಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಓಡುವ ಮಗು ಮೊದಲು ಎಡವುತ್ತದೆ, ಆಮೇಲೆ ಗಾಲಿಕುರ್ಚಿಗೆ ಬರುತ್ತದೆ, ಕೊನೆಗೆ ಉಸಿರಾಟಕ್ಕೂ ಯಂತ್ರ ಬೇಕಾಗುತ್ತದೆ. ಕೊನೆಯ ವರ್ಷಗಳಲ್ಲಿ ಮಾಟ್ಸ್‌ನ ಕೈಬೆರಳುಗಳಲ್ಲಿ ಮಾತ್ರ ಒಂದಿಷ್ಟು ಚಲನೆ ಉಳಿದಿತ್ತು. ಆ ಬೆರಳುಗಳಿಂದ ಅವನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡುತ್ತಿದ್ದ. ಬದುಕಿನ ಕೊನೆಯ ಹತ್ತು ವರ್ಷಗಳಲ್ಲಿ ಅವನು ಆಟದಲ್ಲಿ ಕಳೆದದ್ದು 15 ಸಾವಿರದಿಂದ 20 ಸಾವಿರ ಗಂಟೆ ಎಂದು ಅಂದಾಜು. ಒಬ್ಬ ಗುಮಾಸ್ತ ಹತ್ತು ವರ್ಷ ಕಚೇರಿಯಲ್ಲಿ ದುಡಿದರೆ ಇಷ್ಟು ಗಂಟೆಯಾಗುತ್ತದೆ.

ಚಿತ್ರ ಈ ಬದುಕನ್ನು ಎರಡು ಸಲ ಹೇಳುತ್ತದೆ. ಮೊದಲ ಸಲ ತಂದೆತಾಯಿ ಕಂಡಂತೆ. ಮನೆಯ ಕ್ಯಾಮೆರಾದಲ್ಲಿ ತೆಗೆದ ಹಳೆಯ ತುಣುಕುಗಳು, ಹುಟ್ಟುಹಬ್ಬ, ಗಾಲಿಕುರ್ಚಿ, ಪರದೆಯ ಮುಂದೆ ಬೆನ್ನು ಮಾಡಿ ಕೂತ ಹುಡುಗ, ಕೊನೆಗೆ ಶವಪೆಟ್ಟಿಗೆ. ಮಗ ಗೆಳೆತನ, ಪ್ರೀತಿ, ಯಾರಿಗಾದರೂ ಉಪಕಾರವಾಗುವ ಸುಖ ಯಾವುದನ್ನೂ ಕಾಣದೆ ಹೋದನಲ್ಲ ಎಂಬುದೇ ಅವರ ದೊಡ್ಡ ದುಃಖ. ಮಾಟ್ಸ್ ಒಂದು ಬ್ಲಾಗ್ ಬರೆಯುತ್ತಿದ್ದ. ಅದರ ಪಾಸ್‌ವರ್ಡ್ ಬಿಟ್ಟುಹೋಗಿದ್ದ. ತಂದೆ ರಾಬರ್ಟ್ ಅದರಲ್ಲಿ ಮಗನ ಸಾವಿನ ಸುದ್ದಿ ಹಾಕಿದರು. ಉತ್ತರವಾಗಿ ಯುರೋಪಿನ ನಾನಾ ಊರುಗಳಿಂದ ಇಮೇಲ್‌ಗಳು ಬರತೊಡಗಿದವು. ಬರೆದವರು 'ಸ್ಟಾರ್‌ಲೈಟ್' ಎಂಬ ಆಟದ ಕೂಟದ ಸದಸ್ಯರು. ಸುಮಾರು 30 ಮಂದಿಯ ಆ ಕೂಟದಲ್ಲಿ ಮಾಟ್ಸ್‌ನ ಹೆಸರು ಇಬೆಲಿನ್ ರೆಡ್‌ಮೂರ್. ಗಟ್ಟಿಮುಟ್ಟಾದ ಕುಲೀನ, ಪತ್ತೇದಾರ, ಹೆಣ್ಣುಮಕ್ಕಳ ಜೊತೆ ಸರಸದ ಮಾತಾಡುವವನು, ಓಡುವವನು. ಅವರಲ್ಲಿ ಕೆಲವರು ವಿಮಾನ ಹತ್ತಿ ಓಸ್ಲೋಗೆ ಬಂದು ಅವನ ಅಂತ್ಯಕ್ರಿಯೆಯಲ್ಲಿ ನಿಂತರು. ತಂದೆತಾಯಿಗೆ ತಮ್ಮ ಮಗನ ಪರಿಚಯವಾದದ್ದು ಅವತ್ತು.

ಅಲ್ಲಿಂದ ಚಿತ್ರ ಮತ್ತೆ ಮೊದಲಿಗೆ ಹೋಗುತ್ತದೆ. ಈ ಸಲ ಆಟದ ಒಳಗಿನಿಂದ. ಸ್ಟಾರ್‌ಲೈಟ್ ಕೂಟದವರು ಆಟದಲ್ಲಿ ಆಡಿದ ಮಾತು, ಮಾಡಿದ ಚಲನೆಗಳ ದಾಖಲೆಯನ್ನು ಇಟ್ಟುಕೊಂಡಿದ್ದರು. ಸುಮಾರು 42 ಸಾವಿರ ಪುಟ. ಅದನ್ನು ಆಧರಿಸಿ ಆಟದ್ದೇ ಗೊಂಬೆಗಳನ್ನು ಬಳಸಿ ದೃಶ್ಯಗಳನ್ನು ಕಟ್ಟಲಾಗಿದೆ. ಮನೆಯವರು ಓಡಿಹೋದ ವರ್ಷಗಳೆಂದು ಅತ್ತ ವರ್ಷಗಳಲ್ಲಿ ಆ ಹುಡುಗ ಏನು ಮಾಡುತ್ತಿದ್ದ ಎಂಬುದು ಈಗ ಕಾಣುತ್ತದೆ. ಡಚ್ ಹುಡುಗಿಯೊಬ್ಬಳ ಕಂಪ್ಯೂಟರನ್ನು ಓದು ಹಾಳಾಗುತ್ತದೆಂದು ಹೆತ್ತವರು ಕಿತ್ತುಕೊಂಡಾಗ ಅವಳು ಖಿನ್ನತೆಗೆ ಜಾರುತ್ತಾಳೆ. ಮಾಟ್ಸ್ ಅವಳ ಹೆತ್ತವರಿಗೆ ಒಂದು ಪತ್ರ ಬರೆಯುತ್ತಾನೆ. ಡೆನ್ಮಾರ್ಕಿನ ತಾಯಿಯೊಬ್ಬಳಿಗೆ ಆಟಿಸಂ ಇರುವ ಮಗ. ಮುಟ್ಟಿದರೆ ಅವನಿಗೆ ಆಗದು. ಮಗನ ಜೊತೆ ನೀನೂ ಆಡು ಎಂದು ಮಾಟ್ಸ್ ಅವಳಿಗೆ ಸೂಚಿಸುತ್ತಾನೆ. ಆ ತಾಯಿ ಮಗ ಮೊದಲು ತಬ್ಬಿಕೊಳ್ಳುವುದು ಆಟದ ಗೊಂಬೆಗಳಾಗಿ. ಚಿತ್ರದಲ್ಲಿ ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದ ಭಾಗ ಇದೇ.

ಇಬೆಲಿನ್‌ನನ್ನು ನಿರ್ದೇಶಕರು ಸಂತನನ್ನಾಗಿ ಮಾಡಿಲ್ಲ ಎಂಬುದು ಈ ಚಿತ್ರದ ದೊಡ್ಡ ಗುಣ. ಗೆಳೆಯರು ಧ್ವನಿಯಲ್ಲಿ ಮಾತಾಡೋಣ, ಭೇಟಿಯಾಗೋಣ ಎಂದಾಗ ಅವನು ತಪ್ಪಿಸಿಕೊಳ್ಳುತ್ತಾನೆ. ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತಾನೆ. ಒತ್ತಿ ಕೇಳಿದವರನ್ನು ನೋಯಿಸುತ್ತಾನೆ. ತನ್ನನ್ನು ಪ್ರೀತಿಸಿದವರ ಜೊತೆ ಹೊಟ್ಟೆಕಿಚ್ಚಿನಿಂದ ನಡೆದುಕೊಳ್ಳುತ್ತಾನೆ. ನಿಜವಾದ ಗೆಳೆತನ ಎಂದ ಮೇಲೆ ಅದರಲ್ಲಿ ಜಗಳ, ಸುಳ್ಳು, ಕ್ಷಮೆ ಇರಲೇಬೇಕು. ಅವು ಇಲ್ಲದಿದ್ದರೆ ಆ 30 ಜನ ನನಗೂ ಗೊಂಬೆಗಳಾಗಿಯೇ ಉಳಿಯುತ್ತಿದ್ದರು.

ಆದರೆ ಕಥೆ ಬರೆಯುವವಳಾಗಿ ನನಗೆ ಒಂದೆರಡು ತಕರಾರುಗಳಿವೆ. 42 ಸಾವಿರ ಪುಟಗಳಿಂದ ಆರಿಸಿ ತೆಗೆದ ಕೆಲವು ಪುಟಗಳು ಇವು. ಈ ಆಟ ಆಡಿದವರನ್ನು ಕೇಳಿ ನೋಡಿ. ಬಹುಪಾಲು ಸಮಯ ಹೋಗುವುದು ಒಂದೇ ಜಾತಿಯ ಪ್ರಾಣಿಯನ್ನು ನೂರು ಸಲ ಕೊಲ್ಲುವುದರಲ್ಲಿ, ಒಂದು ಕತ್ತಿಗಾಗಿ ವಾರಗಟ್ಟಲೆ ಅದೇ ಗುಹೆಗೆ ಮರಳುವುದರಲ್ಲಿ. ಚಿತ್ರದಲ್ಲಿ ಆ ಬೇಸರ ಕಾಣುವುದಿಲ್ಲ. ಆಟದ ಬೆಟ್ಟ ಬಯಲುಗಳು ಪರದೆಯಲ್ಲಿ ಇದ್ದದ್ದಕ್ಕಿಂತ ಸುಂದರವಾಗಿ ಮೂಡಿವೆ. ಎರಡನೆಯ ತಕರಾರು ಇನ್ನೂ ಮುಖ್ಯವಾದದ್ದು. ಈ ಬಯಲು ಯಾರ ಜಮೀನು ಎಂದು ಚಿತ್ರ ಕೇಳುವುದಿಲ್ಲ. 2004ರಲ್ಲಿ ಆರಂಭವಾದ ಈ ಆಟಕ್ಕೆ ತಿಂಗಳ ಚಂದಾ ಇದೆ. 2010ರ ಹೊತ್ತಿಗೆ ಅದರ ಚಂದಾದಾರರು 1 ಕೋಟಿ 20 ಲಕ್ಷ. ಅಷ್ಟು ಜನರನ್ನು ಮತ್ತೆ ಮತ್ತೆ ಒಳಗೆ ಕರೆಸಿಕೊಳ್ಳುವುದು ಒಂದು ವ್ಯಾಪಾರ. ಮಾಟ್ಸ್‌ಗೆ ಅಲ್ಲಿ ನೆರಳು ಸಿಕ್ಕಿತು ನಿಜ. ಆದರೆ ಆ ಮರವನ್ನು ನೆಟ್ಟವರು ನೆರಳಿಗಾಗಿ ನೆಟ್ಟಿರಲಿಲ್ಲ.

ಈಗ ಎರಡನೆಯ ಚಿತ್ರ. ವ್ಯಾಲೆರಿ ವೀಚ್ ನಿರ್ದೇಶನದ 'ಲವ್ ಚೈಲ್ಡ್' 2014ರಲ್ಲಿ ಅದೇ ಸಂಡ್ಯಾನ್ಸ್‌ನಲ್ಲಿ ಪ್ರದರ್ಶನಗೊಂಡದ್ದು. 2009ರ ಸೆಪ್ಟೆಂಬರ್‌ನಲ್ಲಿ ಕೊರಿಯಾದ ರಾಜಧಾನಿ ಸೋಲ್ ಬಳಿಯ ಸುವೊನ್ ನಗರದಲ್ಲಿ ಮೂರು ತಿಂಗಳ ಹಸುಗೂಸೊಂದು ಹಸಿವಿನಿಂದ ಸತ್ತಿತು. ಅದರ ಹೆಸರು ಸರಾಂಗ್. ಕೊರಿಯನ್ ಭಾಷೆಯಲ್ಲಿ ಹಾಗೆಂದರೆ ಪ್ರೀತಿ. ತಂದೆತಾಯಿ ಮಗುವನ್ನು ಮನೆಯಲ್ಲಿ ಮಲಗಿಸಿ, ಅಲ್ಲಿ 'ಪಿಸಿ ಬಾಂಗ್' ಎಂದು ಕರೆಯುವ ಇಂಟರ್ನೆಟ್ ಅಂಗಡಿಗೆ ಹೋಗಿ ರಾತ್ರಿಯಿಡೀ ಆಡುತ್ತಿದ್ದರು. ಮಗುವಿಗೆ ದಿನಕ್ಕೊಂದು ಸಲ ಪುಡಿಹಾಲು. ಅವರು ಆಡುತ್ತಿದ್ದ ಆಟ 'ಪ್ರಿಯಸ್ ಆನ್‌ಲೈನ್'. ಅದರಲ್ಲಿ ಆಟಗಾರನ ಜೊತೆಗೆ 'ಅನಿಮಾ' ಎಂಬ ಪುಟ್ಟ ಹುಡುಗಿ ಇರುತ್ತಾಳೆ. ಅವಳನ್ನು ಅಕ್ಕರೆಯಿಂದ ನೋಡಿಕೊಂಡಷ್ಟೂ ಅವಳು ಬೆಳೆಯುತ್ತಾಳೆ. ಇದನ್ನು ನಾನು ಕಥೆಯಾಗಿ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎಂದು ಮರಳಿಸುತ್ತಿದ್ದರು. ಗಂಡ ಹೆಂಡತಿ 2010ರ ಮಾರ್ಚ್‌ನಲ್ಲಿ ಬಂಧಿತರಾದರು. ಆಟದ ಚಟವೇ ಕಾರಣ ಎಂದು ಅವರ ಪರ ವಾದ ನಡೆಯಿತು. ಇಬ್ಬರಿಗೂ ಎರಡು ವರ್ಷದ ಶಿಕ್ಷೆಯಾಯಿತು. ಮತ್ತೆ ಗರ್ಭಿಣಿಯಾಗಿದ್ದ ಕಾರಣ ಹೆಂಡತಿಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು.

'ಲವ್ ಚೈಲ್ಡ್' ಈ ಇಬ್ಬರನ್ನು ರಾಕ್ಷಸರೆಂದು ತೋರಿಸುವುದಿಲ್ಲ. ಅದು ಸರಿಯೇ. ಆದರೆ ಅದು ಬೇಗ ಬೇಗ ಇಡೀ ಕೊರಿಯಾದ ಕಡೆ, ಅಲ್ಲಿನ ವೇಗದ ಇಂಟರ್ನೆಟ್ಟಿನ ಕಡೆ, ಮನುಷ್ಯಕುಲದ ಭವಿಷ್ಯದ ಕಡೆ ತಿರುಗುತ್ತದೆ. ಆ ಚಿಕ್ಕ ಕೋಣೆ, ಆ ತೊಟ್ಟಿಲು, ಹೆರಿಗೆಯಾದ ಆ ಹೆಂಗಸಿನ ಪಕ್ಕದಲ್ಲಿ ಒಬ್ಬ ತಾಯಿ, ಅತ್ತೆ, ನೆರೆಯವಳು ಯಾರಾದರೂ ಇದ್ದರೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಚಿತ್ರ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮಲ್ಲಿ ಬಾಣಂತಿಯನ್ನು 40 ದಿನ ಒಂಟಿಯಾಗಿ ಬಿಡುವುದಿಲ್ಲ. ಆ ಪದ್ಧತಿಯನ್ನು ಹಳೆಯ ಕಾಲದ್ದೆಂದು ನಾನೂ ನಕ್ಕಿದ್ದೇನೆ. ಈ ಚಿತ್ರ ನೋಡಿದ ಮೇಲೆ ನಗುವುದನ್ನು ಬಿಟ್ಟಿದ್ದೇನೆ.

ಎರಡೂ ಮನೆಗಳಲ್ಲಿ ಆಟದ ಗಂಟೆಗಳನ್ನು ಎಣಿಸಿದರೆ ಮಾಟ್ಸ್ ಕಡಿಮೆಯವನಲ್ಲ. ಗಂಟೆಯೇ ಅಳತೆಯಾದರೆ ದೊಡ್ಡ ಚಟಗಾರ ಅವನೇ. ಹಾಗಾಗಿ ಗಂಟೆ ಅಳತೆಯಲ್ಲ. ಆಟ ಯಾವುದರ ಜಾಗದಲ್ಲಿ ಬಂದು ಕೂತಿತು ಎಂಬುದೇ ಅಳತೆ. ಮಾಟ್ಸ್‌ನ ಪಾಲಿಗೆ ಅದು ಖಾಲಿ ಜಾಗದಲ್ಲಿ ಬಂದು ಕೂತಿತು. ಓಡಲಾಗದವನಿಗೆ ಓಟ ಕೊಟ್ಟಿತು, ಹೊರಗೆ ಹೋಗಲಾಗದವನ ಬಳಿಗೆ ಹೊರಗಿನವರನ್ನು ತಂದಿತು. ಅವನಿಂದ ಇತರರಿಗೆ ಉಪಕಾರವಾಯಿತು. ಸುವೊನ್‌ನ ಮನೆಯಲ್ಲಿ ಅದು ತುಂಬಿದ್ದ ಜಾಗವನ್ನು ಕಸಿಯಿತು. ಅಳುವ ಮಗು ಅಲ್ಲಿತ್ತು.

ಪ್ರೇಮ್‌ಚಂದರ 'ಶತರಂಜ್ ಕೇ ಖಿಲಾಡಿ' ಕಥೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. 1924ರಲ್ಲಿ ಪ್ರಕಟವಾದ ಆ ಕಥೆಯನ್ನು ಸತ್ಯಜಿತ್ ರಾಯ್ 1977ರಲ್ಲಿ ಸಿನಿಮಾ ಮಾಡಿದರು. ಲಖನೌದ ಇಬ್ಬರು ಜಹಗೀರುದಾರರು ಚದುರಂಗದ ಮಣೆಯ ಮುಂದೆ ಕೂತಿದ್ದಾಗಲೇ 1856ರಲ್ಲಿ ಅವಧ್ ಇಂಗ್ಲಿಷರ ಕೈಸೇರುತ್ತದೆ. ತಮ್ಮ ನವಾಬ ಸೆರೆಯಾದಾಗ ಕಣ್ಣೀರು ಹಾಕದವರು ಮರದ ವಜೀರನಿಗಾಗಿ ಕತ್ತಿ ಹಿರಿದು ಪರಸ್ಪರ ಕೊಂದುಕೊಳ್ಳುತ್ತಾರೆ. ಪ್ರೇಮ್‌ಚಂದರು ಚದುರಂಗವನ್ನು ಬೈಯಲಿಲ್ಲ, ಹೊಣೆಯನ್ನು ಕೈಬಿಟ್ಟವರನ್ನು ಬೈದರು. ನಮ್ಮ ಮಹಾಭಾರತದ ಪಗಡೆಯ ಹಾಸಿನ ಮೇಲೂ ಸೋತದ್ದು ದಾಳವಲ್ಲ. ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಮಿರ್ಜಾ, ಮೀರ್ ಇಬ್ಬರೂ ಇನ್ನೊಂದು ತಾಸು ಹೆಚ್ಚು ಕೂತರೆ ಚದುರಂಗದ ಮಣೆಗೆ ಲಾಭವಿರಲಿಲ್ಲ. ಇಂದಿನ ಮಣೆಗೆ ಯಜಮಾನನಿದ್ದಾನೆ. ಎಷ್ಟು ಹೊತ್ತಿಗೆ ಆಟಗಾರ ಏಳುತ್ತಾನೆ, ಯಾವ ಬಹುಮಾನ ತೋರಿಸಿದರೆ ಮತ್ತೆ ಕೂರುತ್ತಾನೆ ಎಂದು ಅವನು ಲೆಕ್ಕ ಇಡುತ್ತಾನೆ. ದಿನವೂ ಬಂದರೆ ಒಂದು ಉಡುಗೊರೆ, ಒಂದು ದಿನ ತಪ್ಪಿದರೆ ನಷ್ಟ. ಪೆಟ್ಟಿಗೆ ತೆರೆದರೆ ಏನು ಸಿಗುತ್ತದೋ ಗೊತ್ತಿಲ್ಲದ ಆಸೆ. ಜಾತ್ರೆಯ ಲಾಟರಿ ಡಬ್ಬಿಯ ತಂತ್ರವೇ ಇದು.

ಬಹುಜನರ ಆಟದ ಅತಿ ಗಟ್ಟಿಯಾದ ಹಗ್ಗ ಮಾತ್ರ ಬಹುಮಾನವಲ್ಲ, ಗೆಳೆಯರು. ಒಬ್ಬನೇ ಆಡುವ ಆಟವನ್ನು ತಡೆದು ನಿಲ್ಲಿಸಿ ಊಟ ಮಾಡಿ ಬರಬಹುದು. ನಾಲ್ಕು ಜನರ ತಂಡದಲ್ಲಿ ಹಾಗೆ ನಿಲ್ಲಿಸುವ ಗುಂಡಿಯೇ ಇಲ್ಲ. ನೂರು ಜನ ಒಂದು ದ್ವೀಪದಲ್ಲಿ ಇಳಿದು ಕೊನೆಯವರೆಗೆ ಉಳಿಯಲು ಹೋರಾಡುವ ಪಬ್‌ಜಿಯಂಥ ಆಟದಲ್ಲಿ ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ. ನಡುವೆ ಎದ್ದವನು ಜೊತೆಗಾರರಿಗೆ ದ್ರೋಹ ಮಾಡಿದಂತೆ. ಮಾಟ್ಸ್‌ನನ್ನು ಕೈಹಿಡಿದದ್ದೂ ಇದೇ ನಂಟು, ನನ್ನ ಮಗನನ್ನು ಊಟಕ್ಕೆ ಏಳಲು ಬಿಡದಿರುವುದೂ ಇದೇ ನಂಟು. ಚಟ ಬೇರೆ, ಗೆಳೆತನ ಬೇರೆ ಎಂದು ಎರಡು ಪಟ್ಟಿ ಮಾಡುವವರು ಈ ಗಂಟನ್ನು ನೋಡಿಲ್ಲ. ಅಂಗಡಿಯವನು ನಮ್ಮ ಮಕ್ಕಳ ನಿಷ್ಠೆಯನ್ನೇ ಬಂಡವಾಳ ಮಾಡಿಕೊಂಡಿದ್ದಾನೆ. ನಿಷ್ಠೆ ಕೆಟ್ಟ ಗುಣವೇ? ಅಲ್ಲ. ಅದಕ್ಕೇ ಈ ಪ್ರಶ್ನೆ ಇಷ್ಟು ಕಷ್ಟದ್ದು.

ಸರಕಾರಗಳು ಕಂಡುಕೊಂಡ ಮದ್ದು ಬಹುತೇಕ ಗಡಿಯಾರ ಮತ್ತು ಬೀಗ. ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡಬಾರದೆಂದು ಕಾನೂನು ತಂದಿತು. ಹತ್ತು ವರ್ಷ ನೋಡಿ, 2022ರ ಆರಂಭಕ್ಕೆ ಅದನ್ನು ಕೈಬಿಟ್ಟಿತು. ಚೀನಾ 2021ರಲ್ಲಿ ಮಕ್ಕಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಎಂದು ಗೆರೆ ಎಳೆಯಿತು. ನಮ್ಮಲ್ಲಿ 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜಕೋಟ್ ಪೊಲೀಸರು ಪಬ್‌ಜಿ ಆಡುತ್ತಿದ್ದ ಯುವಕರನ್ನು ಬಂಧಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಆ ಆಟವನ್ನು ನಿಷೇಧಿಸಿತು. ಆದರೆ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಮಾಹಿತಿಯ ಸೋರಿಕೆಯೇ ಹೊರತು ಮಕ್ಕಳ ನಿದ್ರೆಯಲ್ಲ. 2021ರ ಜುಲೈನಲ್ಲಿ ಅದು ಬೇರೆ ಹೆಸರು ಹೊತ್ತು ಮರಳಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಉಳಿದವನ್ನು ಬೇರೆಯಾಗಿ ನೋಡುತ್ತದೆ. ಜೂಜನ್ನೂ ಆಟವನ್ನೂ ಬೇರ್ಪಡಿಸಿದ್ದು ಒಳ್ಳೆಯದೇ. ಮನೆಯೊಳಗಿನ ಪ್ರಶ್ನೆ ಮಾತ್ರ ಮನೆಯೊಳಗೇ ಉಳಿಯಿತು.

ಈ ವಿಷಯದಲ್ಲಿ ವೈದ್ಯರು ನಮಗಿಂತ ತಾಳ್ಮೆಯವರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟ ಮುಂದಾಗುವುದು, ಹಾನಿಯಾಗುತ್ತಿದ್ದರೂ ಬಿಡದಿರುವುದು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಾಣಬೇಕು. ದಿನಕ್ಕೆ ಇಷ್ಟು ಗಂಟೆ ಎಂಬ ಮಾತು ಅದರಲ್ಲಿ ಇಲ್ಲ. ಹಾಗೆಂದು ವ್ಯಸನವೇ ಸುಳ್ಳು ಎನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗಾಗಿ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ ತೆರೆದಿದೆ. ಅದರ ಬಾಗಿಲಿಗೆ ಮಗನನ್ನು ಕರೆದುಕೊಂಡು ಬರುವ ತಾಯಿಗೆ ಇಬೆಲಿನ್‌ನ ಕಥೆ ಹೇಳಿ ಸಮಾಧಾನ ಮಾಡುವುದು ಕ್ರೌರ್ಯ. ಅವಳ ಮನೆಯಲ್ಲಿ ನಿದ್ರೆ, ಓದು, ಮಾತು ಎಲ್ಲವೂ ಹೋಗಿರುತ್ತವೆ. ಅವಳಿಗೆ ಬೇಕಾದದ್ದು ಚಿಕಿತ್ಸೆ.

ನನ್ನ ಮನೆಯ ಕಥೆ ಈ ಎರಡರ ನಡುವಿನದು, ಹೆಚ್ಚಿನ ಮನೆಗಳದ್ದೂ ಹಾಗೆಯೇ. 'ಇಬೆಲಿನ್' ನೋಡಿದ ಮರುದಿನ ರಾತ್ರಿ ನಾನು ಮಗನ ಪಕ್ಕ ಹೋಗಿ ಕೂತೆ. ಆ ಮೂವರು ಯಾರು ಎಂದು ಮೊದಲ ಸಲ ಕೇಳಿದೆ. ಒಬ್ಬ ಬೀದರ್‌ನವನು, ಡಿಪ್ಲೊಮಾ ಓದುತ್ತಾನೆ. ಇನ್ನೊಬ್ಬ ಗುವಾಹಟಿಯವನು, ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದು ಆಡುತ್ತಾನೆ. ಮೂರನೆಯವನ ಊರು ಇವನಿಗೂ ಗೊತ್ತಿಲ್ಲ. "ಅವನ ಅಪ್ಪನಿಗೆ ಹುಷಾರಿಲ್ಲ ಅಮ್ಮೀ, ಒಂದು ವಾರದಿಂದ ಬಂದಿಲ್ಲ," ಎಂದ. ಆಗ ಪರದೆಯ ಮೇಲೆ ನನ್ನ ಮಗನ ಹೆಸರು ಕಾಣಿಸಿತು. ಅದು ನಾವಿಟ್ಟ ಹೆಸರಲ್ಲ. ಯಾವ ಧರ್ಮದ್ದೂ ಅಲ್ಲದ, ಇಂಗ್ಲಿಷಿನ ಎರಡು ತುಂಡುಗಳನ್ನು ಸೇರಿಸಿದ ಹೆಸರು. ಏಕೆಂದು ಕೇಳಿದೆ. "ನಮ್ಮ ಹೆಸರು ನೋಡಿದರೆ ಗೊತ್ತಿಲ್ಲದವರು ಮೈಕ್‌ನಲ್ಲಿ ಬೈತಾರೆ. ಆಟ ಆಡೋಕೇ ಬಿಡಲ್ಲ," ಎಂದು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. ಈ ಮೂವರಿಗೆ ನಿನ್ನ ಹೆಸರು ಗೊತ್ತೇ ಎಂದೆ. "ಗೊತ್ತು. ಅವರಿಗೆ ನಾನೇ ಹೇಳಿದ್ದೀನಿ."

ಮಾಟ್ಸ್ ಗಾಲಿಕುರ್ಚಿಯನ್ನು ಮುಚ್ಚಿಟ್ಟದ್ದು ಏಕೆಂದು ನನಗೆ ಅವತ್ತು ಹೊಸದಾಗಿ ತಿಳಿಯಿತು. ಕುರ್ಚಿ ಕಂಡರೆ ಜನ ಕುರ್ಚಿಯನ್ನಷ್ಟೇ ನೋಡುತ್ತಾರೆ ಎಂಬ ಭಯ ಅವನಿಗಿತ್ತು. ಬಹಳ ವರ್ಷಗಳ ಮೇಲೆ ಅವನು ಹೇಳಿಕೊಂಡ, ಗೆಳೆಯರು ಹೋಗಲಿಲ್ಲ. ಮುಖವಾಡ ಹಾಕಿಕೊಂಡು ಒಳಗೆ ಹೋದವನು ಅದನ್ನು ಯಾರ ಮುಂದಾದರೂ ತೆಗೆಯಬಲ್ಲನೇ? ಆಟ ಸಮಾಜಕ್ಕೆ ಉಪಕಾರಿಯೋ ಅಲ್ಲವೋ ಎಂದು ತೀರ್ಮಾನಿಸಲು ನನಗೆ ಈಗ ಈ ಪ್ರಶ್ನೆ ಸಾಕು. ಅದೇ ಬಯಲಿನಲ್ಲಿ ಹೆಸರಿಗಾಗಿ ಬೈಯುವವರೂ ಇದ್ದಾರೆ, ಹೆಸರು ತಿಳಿದೂ ಕಾಯುವವರೂ ಇದ್ದಾರೆ. ಅದು ನಮ್ಮ ಬೀದಿಗಿಂತ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬೀದಿಗೆ ಕಳಿಸುವಾಗ ಮಗನನ್ನು ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುವ ನಾವು ಇಲ್ಲಿ ಕೊನೆಯ ಪ್ರಶ್ನೆಯನ್ನು ಮಾತ್ರ ಕೇಳುತ್ತೇವೆ.

ಮಾಟ್ಸ್‌ನ ಹೆತ್ತವರು ಒಳ್ಳೆಯವರು. ಹಗಲೂ ರಾತ್ರಿ ಮಗನ ಸೇವೆ ಮಾಡಿದವರು. ಆದರೂ ಅವರಿಗೆ ಮಗನ ಗೆಳೆಯರ ಹೆಸರು ತಿಳಿದದ್ದು ಅವನು ಸತ್ತ ಮೇಲೆ. ನಾವು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಾನು ಈಗಲೂ ಒಂಬತ್ತೂವರೆಗೆ ಊಟಕ್ಕೆ ಕರೆಯುತ್ತೇನೆ. ಒಂಬತ್ತಕ್ಕೆ ಹೊಸ ಸುತ್ತು ಶುರು ಮಾಡಬಾರದೆಂದು ಒಪ್ಪಂದವಾಗಿದೆ, ವಾರದಲ್ಲಿ ಎರಡು ದಿನ ಅದು ಮುರಿಯುತ್ತದೆ, ನಾನು ಬೈಯುತ್ತೇನೆ. ತಟ್ಟೆಯ ಮುಂದೆ ಕೂತ ಮೇಲೆ ಮಾತ್ರ ಮರೆಯದೆ ಕೇಳುತ್ತೇನೆ, "ಆ ಹುಡುಗನ ಅಪ್ಪನಿಗೆ ಈಗ ಹೇಗಿದೆಯಂತೆ?"